ಶಾಲೆಗೆ ಹೋಗದ ಹುಡುಗಿಯ ಪ್ರಶ್ನೆ

ಕಳೆದ ಭಾನುವಾರ ಬೆಂಗಳೂರಿನಲ್ಲಿ ನಡೆದ ಹೋಮ್‌ಸ್ಕೂಲಿಂಗ್ ಕುಟುಂಬಗಳ ಸಮಾವೇಶಕ್ಕೆ ಸ್ವಯಂಸೇವಕನಾಗಿ ಹೋಗಿದ್ದೆ. ಶಾಲೆಗೆ ಹೋಗದ ಮಕ್ಕಳು ನಾಲ್ಕು ಜನರೊಂದಿಗೆ ಬೆರೆಯುವುದಾದರೂ ಹೇಗೆ ಎಂಬ ಅನುಮಾನ ನನಗಿತ್ತು. ಆದರೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಾನೇ ಜೋಡಿಸಿದ ರೇಡಿಯೊ ತೋರಿಸಿ, ‘ಅಣ್ಣಾ, ಎಂಜಿನಿಯರಿಂಗ್‌ನಲ್ಲಿ ನಿಮಗೆ ಯಾವುದು ಇಷ್ಟ?’ ಎಂದಳು. ತಡವರಿಸಿದೆ. ಸಿಇಟಿ ರ‍್ಯಾಂಕ್‌ಗೆ ಸಿಕ್ಕ ಬ್ರಾಂಚ್ ನನ್ನದು. ಇಷ್ಟ ಏನೆಂದು ಯಾರೂ ಕೇಳಿರಲಿಲ್ಲ.

ಈ ಮಕ್ಕಳಿಗೂ ಪರೀಕ್ಷೆ ತಪ್ಪಿದ್ದಲ್ಲ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು.

ಹಾಗೆಂದು ಎಲ್ಲರೂ ಮಕ್ಕಳಿಗೆ ಶಾಲೆ ಬಿಡಿಸಲಾದೀತೇ? ಅಲ್ಲಿ ಕಂಡ ಬಹುತೇಕ ಮನೆಗಳಲ್ಲಿ ಓದಿದ ತಂದೆಯೋ ತಾಯಿಯೋ ದಿನವಿಡೀ ಮಕ್ಕಳ ಜೊತೆಗಿರುತ್ತಾರೆ. ನನ್ನಮ್ಮ ಬೆಳಿಗ್ಗೆ ಏಳಕ್ಕೇ ಗಾರ್ಮೆಂಟ್ಸ್‌ಗೆ ಹೊರಡುತ್ತಿದ್ದರು. ನನಗೆ ಅಕ್ಷರ, ಬಿಸಿಯೂಟ ಎರಡನ್ನೂ ಕೊಟ್ಟದ್ದು ಸರ್ಕಾರಿ ಶಾಲೆ. 6ರಿಂದ 14 ವರ್ಷದವರಿಗೆ ಉಚಿತ ಶಿಕ್ಷಣದ ಹಕ್ಕು ನೀಡಿದ 2009ರ ಕಾಯ್ದೆಯೇ ನಮ್ಮಂಥವರಿಗೆ ಆಸರೆ.

ಆ ಶಾಲೆಗಳಲ್ಲೂ ವಾರಕ್ಕೊಂದು ಪೀರಿಯಡ್ ಪಠ್ಯದ ಹಂಗಿಲ್ಲದೆ ಮಕ್ಕಳ ಆಸಕ್ತಿಗೇ ಮೀಸಲಾಗಲಿ. ಆ ಹುಡುಗಿಯ ಪ್ರಶ್ನೆ ನನಗೆ ಎದುರಾದದ್ದು ಇಪ್ಪತ್ತರಲ್ಲಿ. ನಮ್ಮೂರಿನ ಮಕ್ಕಳಿಗೆ ಹತ್ತರಲ್ಲೇ ಎದುರಾಗಲಿ.