ಬಾಡಿಗೆ ಮನೆ, ಸಂಗಾತಿ ಮತ್ತು ಸಂಘದ ಠರಾವು

ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಮ್ಮ ಸಂಘವು ಒಂದು ಠರಾವನ್ನು ಅಂಗೀಕರಿಸಿತು. ಊರಿನಿಂದ ಹೊಸದಾಗಿ ಬರುವ ಕನ್ನಡಿಗರಿಗೆ ಮನೆ ಹುಡುಕಿಕೊಡುವ ನಮ್ಮ ಹಳೆಯ ಸೇವೆಯು ಇನ್ನು ಮುಂದೆ 'ಕುಟುಂಬಸ್ಥರಿಗೆ ಮತ್ತು ಒಂಟಿಯಾಗಿ ವಾಸಿಸುವವರಿಗೆ ಮಾತ್ರ' ದೊರೆಯತಕ್ಕದ್ದಂತೆ. ಮದುವೆಯಾಗದೆ ಜೊತೆಯಲ್ಲಿರುವವರಿಗೆ ಸಂಘದ ಶಿಫಾರಸು ಇಲ್ಲ. ಈ ಠರಾವಿಗೆ ವಿರುದ್ಧವಾಗಿ ಬಿದ್ದದ್ದು ಒಂದೇ ಮತ, ಅದು ನನ್ನದು. ಸಭೆಯಲ್ಲಿ ನನಗೆ ದೊರೆತ ಮೂರು ನಿಮಿಷಗಳಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಠರಾವಿನ ಹಿಂದೆ ಇರುವುದು ತತ್ತ್ವವಲ್ಲ, ಒಬ್ಬಳು ಹುಡುಗಿ. ರಾಯಚೂರಿನವಳು, ಇಪ್ಪತ್ತೇಳು ವರ್ಷದವಳು. ಒಂದೂವರೆ ವರ್ಷದ ಹಿಂದೆ ಉಪ್ಪಲಿನಲ್ಲಿ ಆಕೆಗೆ ಎರಡು ಕೋಣೆಯ ಮನೆ ಕೊಡಿಸಿದ್ದು ಸಂಘವೇ. ಮನೆಯೊಡೆಯರು ನಮ್ಮವರೇ, ಆಜೀವ ಸದಸ್ಯರು. ಆಕೆ ಮದುವೆಯಾಗಬೇಕೆಂದಿರುವ ತೆಲುಗು ಯುವಕ ನಾಲ್ಕು ತಿಂಗಳ ಹಿಂದೆ ಅಲ್ಲಿಗೆ ಬಂದು ನೆಲೆಸಿದ. ಒಡೆಯರು ತಿಂಗಳ ಕೊನೆಗೆ ಮನೆ ಖಾಲಿ ಮಾಡಲು ಹೇಳಿದ್ದಾರೆ. "ಕಾಕಾ, ಬಾಡಿಗಿ ಒಂದು ದಿನಾನೂ ತಡಾ ಮಾಡಿಲ್ಲ, ಇನ್ನೇನ್ ಬೇಕಂತ ಅವ್ರಿಗೆ?" ಎಂದು ಆಕೆ ಕೇಳಿದಳು.

ಏನು ಬೇಕೆಂಬುದು ಹೈದರಾಬಾದಿನಲ್ಲಿ ಮನೆ ಹುಡುಕಿದ ಎಲ್ಲರಿಗೂ ಗೊತ್ತು. ಉಪ್ಪಲ್ ರಿಂಗ್ ರೋಡಿನಿಂದ ರಾಮಂತಾಪುರದವರೆಗೆ ತೂಗುವ 'ಟು ಲೆಟ್' ಫಲಕಗಳ ಹಿಂದೆ ಒಂದು ಪ್ರಶ್ನೆ ಕಾದಿರುತ್ತದೆ: 'ಮೀರೇವಿಟ್ಲು?' ನೀವು ಯಾವ ಜನ ಎಂಬ ಆ ಮೃದುವಾದ ಪ್ರಶ್ನೆಯಿಂದ ನೊಂದು ಈ ಪತ್ರಿಕೆಯಲ್ಲಿಯೇ ಬರೆದುಕೊಂಡ ಹಿರಿಯರು ಈಗ ಮನೆಯೊಡೆಯರಾಗಿದ್ದಾರೆ; ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುತ್ತಿದ್ದಾರೆ. ಆ ಯುವಕ ಬೇರೆ ಮತದವನು. ಸಭೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಸಂಸ್ಕೃತಿಯ ಬಗ್ಗೆ ಮಾತನಾಡಿದರು.

ಸಂಸ್ಕೃತಿಯ ಮಾತು ಬಂದದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗೋಣ. 1956ಕ್ಕೆ ಮುಂಚೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಓದಲು ಬಂದರೂ ನೌಕರಿಗೆ ಬಂದರೂ ನಮ್ಮ ಹಿಂದಿನವರು ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರು ಕೂಡಿ ಬಾಳಿದವರು. ಬಾಡಿಗೆ ಕೋಣೆಗೆ ಇನ್ನೊಬ್ಬನನ್ನು ಸೇರಿಸಿಕೊಳ್ಳುವುದು ನಮ್ಮ ಹೊರನಾಡ ಬದುಕಿನ ಮೊದಲ ಪಾಠ. ಇನ್ನು ಮದುವೆಯೆಂದರೆ ಪುರೋಹಿತ, ಜಾತಕ, ಜಾತಿ ಎಂಬ ಕಲ್ಪನೆಯನ್ನು ಮುರಿಯಲೆಂದೇ ಕುವೆಂಪು ಅವರು ಮಂತ್ರಮಾಂಗಲ್ಯವನ್ನು ರೂಪಿಸಿದರು. 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನಡೆಸಿದರು. ಪ್ರತಿ ನವೆಂಬರಿನಲ್ಲಿ ನಾವು ಹೂಮಾಲೆ ಹಾಕುವ ಭಾವಚಿತ್ರಗಳಲ್ಲಿ ಅವರದೂ ಒಂದಿದೆ.

'ಹಾಗಿದ್ದರೆ ಮದುವೆಯಾಗಲಿ, ಯಾರು ಬೇಡವೆಂದರು?' ಎಂದು ಖಜಾಂಚಿಯವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಯಾರೂ ಮತ ಬದಲಿಸದೆ ಮದುವೆಯಾಗಬೇಕೆಂದು ಇಬ್ಬರೂ ನೆಚ್ಚಿಕೊಂಡಿರುವುದು 1954ರ ವಿಶೇಷ ವಿವಾಹ ಕಾಯ್ದೆಯನ್ನು. ಆ ಕಾಯ್ದೆಯ ಪ್ರಕಾರ ವಧೂವರರಲ್ಲಿ ಒಬ್ಬರಾದರೂ ವಿವಾಹಾಧಿಕಾರಿಯ ಜಿಲ್ಲೆಯಲ್ಲಿ ನೋಟೀಸಿಗೆ ಮುಂಚೆ 30 ದಿನ ವಾಸವಾಗಿರಬೇಕು. ಉಪ್ಪಲ್ ಇರುವುದು 2016ರಲ್ಲಿ ರಚನೆಯಾದ ಮೇಡ್ಚಲ್-ಮಲ್ಕಾಜಗಿರಿ ಜಿಲ್ಲೆಯಲ್ಲಿ. ಇಲ್ಲಿಂದ ಹೊರಹಾಕಿಸಿಕೊಂಡು ಪಕ್ಕದ ಅಂಬರಪೇಟೆಗೆ ಹೋದರೆ ಅದು ಹೈದರಾಬಾದ್ ಜಿಲ್ಲೆ. ಅಲ್ಲಿ ಅರ್ಜಿ ಹಾಕಬೇಕಾದರೆ ದಿನಗಳನ್ನು ಮತ್ತೆ ಒಂದರಿಂದ ಎಣಿಸಬೇಕು. ನೋಟೀಸು ಕೊಟ್ಟ ಮೇಲೂ ಮೂವತ್ತು ದಿನ ಆಕ್ಷೇಪಣೆಗೆಂದು ಕಾಯಬೇಕು. ಇದಕ್ಕಿಂತ ಕಠಿಣವಾದದ್ದು ಆರನೆಯ ಕಲಮು: ಬೇರೆ ಜಿಲ್ಲೆಯ ಕಾಯಂ ನಿವಾಸಿಗಳಾದರೆ ನೋಟೀಸಿನ ಪ್ರತಿ ಆ ಜಿಲ್ಲೆಯ ಅಧಿಕಾರಿಗೂ ಹೋಗಿ ಅಲ್ಲಿಯ ಗೋಡೆಯ ಮೇಲೂ ಅಂಟುತ್ತದೆ. ರಾಯಚೂರಿನ ಕಚೇರಿಯ ಗೋಡೆಯ ಮೇಲೆ ತನ್ನ ಹೆಸರು ಕಂಡ ದಿನ ಮನೆಯಲ್ಲಿ ಏನಾದೀತೆಂದು ಆಕೆಗೆ ಗೊತ್ತು. ಹೊರನಾಡಿನಲ್ಲಿದ್ದು ಮದುವೆಯಾಗುವವರಿಗೇ ಈ ಕಲಮಿನ ಬಿಸಿ ಹೆಚ್ಚು. ಪ್ರಕಟಣೆ ಕಡ್ಡಾಯವಲ್ಲವೆಂದು 2021ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ಹೇಳಿದ್ದು ಉತ್ತರ ಪ್ರದೇಶದವರಿಗೆ ಒದಗೀತು, ಉಪ್ಪಲಿನವರಿಗಲ್ಲ. ಮದುವೆಯಾಗಲು ಮನೆ ಬೇಕು, ಮನೆ ಸಿಗಲು ಮದುವೆಯಾಗಿರಬೇಕು ಎಂಬ ಈ ಗಾಣವನ್ನು ನಮ್ಮ ಠರಾವು ಇನ್ನಷ್ಟು ಬಿಗಿಯಾಗಿ ತಿರುಗಿಸುತ್ತದೆ.

ಕಾನೂನುಬಾಹಿರವೆಂದು ಸಭೆಯಲ್ಲಿ ಗುಡುಗಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ವಯಸ್ಕರಿಬ್ಬರು ಮದುವೆಯಿಲ್ಲದೆ ಜೊತೆಗಿರುವುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನಟಿ ಖುಷ್ಬೂ ಅವರ ಪ್ರಕರಣದಲ್ಲಿ 2010ರಲ್ಲಿಯೇ ಹೇಳಿದೆ. ಉತ್ತರಾಖಂಡದಲ್ಲಿ ಮಾತ್ರ 2025ರ ಜನವರಿಯಿಂದ ಅಂಥ ಸಹವಾಸವನ್ನು ನೋಂದಾಯಿಸಬೇಕು, ತಪ್ಪಿದರೆ ಜೈಲು. ಉಪ್ಪಲ್ ಡೆಹರಾಡೂನಿನಲ್ಲಿಲ್ಲ. ಒಳಬಾಡಿಗೆಯ ಆರೋಪವೂ ನಿಲ್ಲದು: ಮನೆಯ ಸ್ವಾಧೀನವನ್ನು ಬಿಟ್ಟುಕೊಟ್ಟರೆ ಮಾತ್ರ ಒಳಬಾಡಿಗೆ, ತಾನೇ ಇದ್ದುಕೊಂಡು ಇನ್ನೊಬ್ಬರನ್ನು ಇರಿಸಿಕೊಂಡರೆ ಅಲ್ಲ. ಕರಾರಿಗೆ ಒಳಪಟ್ಟು ಬಿಡಿಸುವ ಹಕ್ಕು ಒಡೆಯರಿಗೆ ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಜಗಳ ಆ ಹಕ್ಕಿಗೆ ಸಂಘದ ಮುದ್ರೆ ಒತ್ತುವುದರ ಜೊತೆ.

ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಹಿರಿಯರೊಬ್ಬರ ರಾಜಿಸೂತ್ರ. 'ಸೋದರತ್ತೆಯ ಮಗ ಎಂದು ಹೇಳಿಬಿಡಲಿ, ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ' ಎಂದರು, ಸಭೆ ನಕ್ಕಿತು. ಇದು ಔದಾರ್ಯವೆಂದು ಅವರು ಭಾವಿಸಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು 'ಮದುವೆಯ ಸ್ವರೂಪದ ಸಂಬಂಧ'ದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಕೂಡಿ ಬಾಳಿದ ಮನೆಯಲ್ಲಿ, ಅದು ಬಾಡಿಗೆಯದಾಗಿದ್ದರೂ, ಕರಾರಿನಲ್ಲಿ ಆಕೆಯ ಹೆಸರಿಲ್ಲದಿದ್ದರೂ, ವಾಸದ ಹಕ್ಕನ್ನು ಕೊಡುತ್ತದೆ. ಆದರೆ ಯಾವುದು ಅಂಥ ಸಂಬಂಧ? 2010ರ ವೇಲುಸಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿದ ಲಕ್ಷಣಗಳಲ್ಲಿ ಮೊದಲನೆಯದೇ, ಆ ಇಬ್ಬರು ಸಮಾಜದೆದುರು ದಂಪತಿಗಳಂತೆ ತಮ್ಮನ್ನು ತೋರಿಸಿಕೊಂಡಿರಬೇಕೆಂಬುದು. ಸೋದರತ್ತೆಯ ಮಗನೆಂದು ಕರಾರಿನಲ್ಲಿ ಬರೆಸಿ, ನೆರೆಯವರಿಗೆ ಹೇಳಿ, ನಾಲ್ಕು ವರ್ಷ ಬಾಳಿದ ಹೆಣ್ಣು ನಾಳೆ ಹೊಡೆಸಿಕೊಂಡು ಬೀದಿಗೆ ಬಿದ್ದರೆ ನ್ಯಾಯಾಲಯದಲ್ಲಿ ಏನು ತೋರಿಸಬೇಕು? ನಾವು ನಕ್ಕು ಹೇಳಿಕೊಟ್ಟ ಸುಳ್ಳನ್ನೆ? ಈಗಿನ ಮನೆಯ ಕರಾರು ಆಕೆಯ ಹೆಸರಿನಲ್ಲಿದೆ, ಅದೊಂದು ಪುಣ್ಯ. ಎಷ್ಟೋ ಕಡೆ ಕರಾರು ಅವನದು, ಮುಂಗಡ ಅವನದು. ಅವಳು ಎರಡು ಸೂಟ್‌ಕೇಸು ಹಿಡಿದು ಹೋಗಿ ಸೇರಿಕೊಂಡವಳು. ಅಂಥವಳಿಗೆ ಬಹಿರಂಗವೇ ಕವಚ.

2022ರಲ್ಲಿ ದೆಹಲಿಯ ಮೆಹ್ರೌಲಿಯ ಬಾಡಿಗೆ ಮನೆಯಲ್ಲಿ ನಡೆದ ಘೋರ ಕೊಲೆಯನ್ನು ಒಬ್ಬರು ನೆನಪಿಸಿದರು. ನೆನಪಿಸಲಿ. ಮದುವೆಯಾದ ಏಳು ವರ್ಷದೊಳಗೆ ಸಾಯುವ ಸೊಸೆಯರಿಗಾಗಿ 'ವರದಕ್ಷಿಣೆ ಸಾವು' ಎಂಬ ಹೊಸ ಅಪರಾಧವನ್ನೇ ಸಂಸತ್ತು 1986ರಲ್ಲಿ ದಂಡಸಂಹಿತೆಗೆ ಸೇರಿಸಬೇಕಾಯಿತೆಂಬುದನ್ನೂ ನೆನಪಿಸಬೇಕಾಗಿತ್ತು. ಆ ಹೆಣ್ಣುಮಕ್ಕಳಿಗೆಲ್ಲ ತಾಳಿಯಿತ್ತು, ಆದರೂ ಯಾವ ಸಂಘವೂ ವಿವಾಹಿತರಿಗೆ ಮನೆ ಕೊಡಿಸುವುದನ್ನು ನಿಲ್ಲಿಸಲಿಲ್ಲ.

ಜೊತೆಗೂಡುವ ತರುಣರಿಗೂ ಒಂದು ಮಾತಿದೆ, ಅವರು ಈ ಪತ್ರಿಕೆಯನ್ನು ಓದುತ್ತಾರೋ ಇಲ್ಲವೋ. ಸಾಮಾನು ತರುವ ಮುನ್ನ ಒಡೆಯರಿಗೆ ತಿಳಿಸಿ. ನಮ್ಮ ಕರಾರುಗಳು ಹನ್ನೊಂದು ತಿಂಗಳವು. ಹೊಸದಾಗಿ ಬರೆಸುವಾಗ ಇಬ್ಬರ ಹೆಸರೂ ಇರಲಿ. ಮುಂಗಡದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪ್ರೀತಿಯಿದ್ದಾಗ ಇದು ಒರಟೆನಿಸುತ್ತದೆ. ಕೂಡುಕುಟುಂಬದ ಪಾಲುಪಟ್ಟಿಗಳನ್ನು ನೋಡಿ ಬೆಳೆದ ನನಗೆ ಹಾಗೆನಿಸುವುದಿಲ್ಲ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾನು ಒಂದು ತಿದ್ದುಪಡಿಯನ್ನು ಮಂಡಿಸಲಿದ್ದೇನೆ. 'ಕುಟುಂಬಸ್ಥರಿಗೆ ಮತ್ತು ಒಂಟಿಯಾಗಿ ವಾಸಿಸುವವರಿಗೆ ಮಾತ್ರ' ಎಂಬ ಮಾತುಗಳನ್ನು ಕೈಬಿಟ್ಟು 'ಕನ್ನಡಿಗರಿಗೆ' ಎಂಬ ಒಂದೇ ಪದವನ್ನು ಸೇರಿಸಬೇಕು. ನಿಯಮದಂತೆ ಅನುಮೋದಕರೊಬ್ಬರು ಬೇಕು. ಆ ಹುಡುಗಿಗೆ ಉಪ್ಪಲ್ ಮಂಡಲದೊಳಗೇ ಎರಡು ಕೋಣೆಯ ಮನೆಯೂ ಬೇಕು. ಬಾಡಿಗೆಗೆ ಕೊಡುವ ಮನಸ್ಸಿರುವವರು ತಿಂಗಳು ಮುಗಿಯುವುದರೊಳಗೆ ಸಂಘದ ವಾಚನಾಲಯದಲ್ಲಿ ನನ್ನನ್ನು ಕಾಣಬಹುದು.