ಬೆಳ್ಳಿಯ ನೀರಿನ ವ್ಯಾಮೋಹ ಮತ್ತು ವಿದ್ಯುತ್ತಿನ ಅಪಾಯ

ಕನ್ನಡಿಗರ ಮನೆಗಳಲ್ಲಿ ಬೆಳ್ಳಿಗೆ ಹಿಂದಿನಿಂದಲೂ ಗೌರವದ ಸ್ಥಾನವಿದೆ. ಹಸುಗೂಸಿಗೆ ಹಾಲುಣಿಸುವ ಒಳಲೆಯಿಂದ ದೇವರ ಮುಂದಿನ ಪಂಚಪಾತ್ರೆಯವರೆಗೆ ಅದು ಶುಚಿತ್ವದ ಕುರುಹು. ಈ ಗೌರವವಿರುವಲ್ಲಿ ‘ಕೊಲಾಯ್ಡಲ್ ಸಿಲ್ವರ್’ ಎಂಬ ಬೆಳ್ಳಿಯ ನೀರು ಸರ್ವರೋಗಗಳಿಗೂ ಮದ್ದೆಂಬ ಪ್ರಚಾರಕ್ಕೆ ಜನ ಬೇಗ ಕಿವಿಗೊಡುತ್ತಾರೆ. ಎರಡು ಬೆಳ್ಳಿಯ ತಂತಿಗಳನ್ನು ನೀರಿನಲ್ಲಿ ಇಳಿಬಿಟ್ಟು ವಿದ್ಯುತ್ ಹಾಯಿಸಿದರೆ ಅದನ್ನು ಮನೆಯಲ್ಲಿಯೇ ತಯಾರಿಸಬಹುದೆಂಬ ಉಪದೇಶವೂ ಜೊತೆಗೇ ಬರುತ್ತದೆ. ಕೆಲವರು ಸಣ್ಣ ಬ್ಯಾಟರಿಗಳಿಂದ ತೃಪ್ತರಾಗುತ್ತಾರೆ. ಇನ್ನು ಕೆಲವರು ವೋಲ್ಟೇಜು ಏರಿದಷ್ಟೂ ಗುಣ ಹೆಚ್ಚೆಂದು ನಂಬಿ ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್, ಕೆಪಾಸಿಟರುಗಳನ್ನು ಜೋಡಿಸಲು ಮುಂದಾಗುತ್ತಾರೆ. ಪುಣೆಯಂತಹ ಔದ್ಯಮಿಕ ನಗರದಲ್ಲಿ ಬಿಡಿಭಾಗಗಳಿಗೂ ಕೊರತೆಯಿಲ್ಲ, ಕೈಚಳಕಕ್ಕೂ ಕೊರತೆಯಿಲ್ಲ.

ಆದರೆ ಕೆಪಾಸಿಟರಿನ ಸ್ವಭಾವವನ್ನು ಮರೆಯುವಂತಿಲ್ಲ. ಪಂಖ ರಿಪೇರಿಯವರು ‘ಕಂಡೆನ್ಸರ್’ ಎನ್ನುವ ಈ ಸಾಧನ ವಿದ್ಯುತ್ತನ್ನು ತನ್ನೊಳಗೆ ಸಂಗ್ರಹಿಸಿಟ್ಟುಕೊಳ್ಳುತ್ತದೆ. ಗುಂಡಿ ಆರಿಸಿ ಪ್ಲಗ್ಗು ಕಿತ್ತ ಮೇಲೂ ಆ ಸಂಗ್ರಹ ಉಳಿದಿರಬಹುದು. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಏಕಮುಖಗೊಳಿಸಿ ತುಂಬಿದರೆ ಅದರಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಮೈಕ್ರೋವೇವ್ ಒಲೆಯ ಮಂಡಲದಲ್ಲಿಯಾದರೋ 2000 ವೋಲ್ಟಿಗೂ ಮಿಕ್ಕಿರುತ್ತದೆ. ಒದ್ದೆಗೈಯ ಚರ್ಮ ವಿದ್ಯುತ್ತಿಗೆ ಒಡ್ಡುವ ತಡೆ ಅತ್ಯಲ್ಪ. ಎದೆಯ ಮೂಲಕ ಹಾದ ಪ್ರವಾಹ ಹೃದಯದ ಲಯವನ್ನೇ ಕೆಡಿಸಬಲ್ಲುದು. 1746ರಲ್ಲಿ ಹಾಲೆಂಡಿನ ಲೈಡನ್ ನಗರದ ವಿಜ್ಞಾನಿ ಮುಶೆನ್‌ಬ್ರೂಕ್ ನೀರು ತುಂಬಿದ ಗಾಜಿನ ಪಾತ್ರೆಯೊಂದರಿಂದ ಇಂತಹ ಆಘಾತವನ್ನುಂಡು, ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಮತ್ತೊಮ್ಮೆ ಅದಕ್ಕೆ ಮೈಯೊಡ್ಡಲಾರೆನೆಂದು ಬರೆದನು. ಅದೇ ಜಗತ್ತಿನ ಮೊದಲ ಕೆಪಾಸಿಟರುಗಳಲ್ಲೊಂದು.

ಮನೆಯಲ್ಲಿ ಆರ್.ಸಿ.ಸಿ.ಬಿ. ಇದೆಯೆಂಬ ಧೈರ್ಯವೂ ಇಲ್ಲಿ ಹುಸಿಯಾದುದು. ಭೂಮಿಗೆ ಸೋರುವ ವಿದ್ಯುತ್ತನ್ನು ಕಂಡು ಕಡಿದುಹಾಕುವ ಆ ರಕ್ಷಕ, ಕೆಪಾಸಿಟರಿನಲ್ಲಿ ಕುಳಿತ ವಿದ್ಯುತ್ತನ್ನು ಕಾಣಲಾರದು. ಟ್ರಾನ್ಸ್‌ಫಾರ್ಮರಿನ ಆಚೆಯ ಸುರುಳಿಯಿಂದ ತಗಲುವ ಆಘಾತವನ್ನೂ ಅದು ಗುರುತಿಸದೆ ಇರಬಹುದು.

ಪಿಂಪ್ರಿ, ಚಿಂಚವಡಗಳ ಕಾರ್ಖಾನೆಗಳಲ್ಲಿ ದುಡಿದವರಿಗೆ ಇದು ಹೊಸ ಪಾಠವಲ್ಲ. ವಿದ್ಯುತ್ ಕಡಿದು, ಬೀಗ ಹಾಕಿ, ಸಂಗ್ರಹವನ್ನು ಖಾಲಿ ಮಾಡಿ, ಭೂಮಿಗೆ ಜೋಡಿಸಿ, ಅಳೆದು ನೋಡದೆ ಅಲ್ಲಿ ಯಾರೂ ಕೆಪಾಸಿಟರು ಮುಟ್ಟುವುದಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ಪಾಲಿಸಿದ ಈ ಶಿಸ್ತನ್ನು ಅಡಿಗೆಮನೆಯ ಬಾಗಿಲಲ್ಲಿ ಕಳಚಿಡುವುದೇ ವಿಪರ್ಯಾಸ. ಅಲ್ಲಿ ಜೊತೆಗೆ ಮೇಲ್ವಿಚಾರಕನಿರುತ್ತಾನೆ. ಇಲ್ಲಿ ಓಡಾಡುವ ಮಕ್ಕಳಿರುತ್ತಾರೆ.

ಇಷ್ಟೆಲ್ಲ ಅಪಾಯಕ್ಕೆ ದೊರೆಯುವ ಫಲವೇನು? ಸುಟ್ಟ ಗಾಯಗಳಿಗೆ ಲೇಪಿಸುವ ಸಿಲ್ವರ್ ಸಲ್ಫಾಡಯಜೀನ್ ಮುಲಾಮನ್ನು ವೈದ್ಯಶಾಸ್ತ್ರ ಒಪ್ಪಿದೆ. ಆದರೆ ಬೆಳ್ಳಿಯ ನೀರನ್ನು ಕುಡಿದರೆ ರೋಗ ವಾಸಿಯಾಗುವುದೆಂಬುದಕ್ಕೆ ಆಧಾರವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲಿಯೇ ಇದನ್ನು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಮಾನ್ಯಮಾಡಲಾಗದೆಂದು ವಿಧಿಸಿತು. ಹೆಚ್ಚುಕಾಲ ಕುಡಿದವರಿಗೆ ಅರ್ಜೀರಿಯಾ ಎಂಬ ವಿಕಾರ ಬರಬಹುದು. ಚರ್ಮ ನೀಲಿಬೂದಿಯ ಬಣ್ಣಕ್ಕೆ ತಿರುಗಿ ಸಾಮಾನ್ಯವಾಗಿ ಹಾಗೆಯೇ ಉಳಿದುಬಿಡುತ್ತದೆ. 2002ರಲ್ಲಿ ಅಮೆರಿಕದ ಮೊಂಟಾನಾದಿಂದ ಸೆನೆಟ್ ಚುನಾವಣೆಗೆ ನಿಂತಿದ್ದ ಸ್ಟಾನ್ ಜೋನ್ಸ್ ಅವರ ಮೈಬಣ್ಣ ಹಾಗೆ ತಿರುಗಿದ್ದು ಮನೆಯಲ್ಲಿಯೇ ತಯಾರಿಸಿದ ಬೆಳ್ಳಿಯ ನೀರಿನಿಂದಲೇ.

ಭಯವು ಇಂತಹ ಮದ್ದುಗಳಿಗೆ ಗೊಬ್ಬರ. ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು ಪುಣೆಯಲ್ಲಿ ಪತ್ತೆಯಾದದ್ದು 2020ರ ಮಾರ್ಚ್ 9ರಂದು. ಅದೇ ದಿನ ಅಮೆರಿಕದ ಅಧಿಕಾರಿಗಳು, ಕೊರೋನಾಕ್ಕೆ ಮದ್ದೆಂದು ಬೆಳ್ಳಿಯ ನೀರು ಮೊದಲಾದುವನ್ನು ಮಾರುತ್ತಿದ್ದ 7 ಸಂಸ್ಥೆಗಳಿಗೆ ಎಚ್ಚರಿಕೆ ನೀಡಿದ್ದನ್ನು ಪ್ರಕಟಿಸಿದರು.

ಆದುದರಿಂದ ಇಂತಹ ಉಪಕರಣವನ್ನು ಸುರಕ್ಷಿತವಾಗಿ ಕಟ್ಟುವುದು ಹೇಗೆಂಬ ಪ್ರಶ್ನೆಯೇ ಅಸಂಗತ, ಕಟ್ಟದಿರುವುದೇ ಯುಕ್ತ. ಈಗಾಗಲೇ ಕಟ್ಟಿದ್ದರೆ ಅದನ್ನು ಬಿಚ್ಚಲಾಗಲಿ, ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡಲಾಗಲಿ ಹೋಗದೆ, ಮುಖ್ಯ ಸ್ವಿಚ್ಚನ್ನು ಆರಿಸಿ ಬಲ್ಲ ತಂತ್ರಜ್ಞರನ್ನು ಕರೆಯಬೇಕು. ಯಾರಿಗಾದರೂ ಆಘಾತ ತಗಲಿದರೆ ವಿದ್ಯುತ್ ಕಡಿಯುವ ಮುನ್ನ ಅವರನ್ನು ಮುಟ್ಟದೆ, 108ಕ್ಕೆ ಕರೆಮಾಡಬೇಕು. ಬೆಳ್ಳಿ ಒಳಲೆಯಲ್ಲಿರಲಿ, ಪಂಚಪಾತ್ರೆಯಲ್ಲಿರಲಿ. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗುವುದೇ ಲೇಸು.