ಆಯದ ಕಾಳು, ವಾರಂಟಿಯ ಕಾಗದ

ನಮ್ಮ ಬಾಲ್ಯದ ದಿನಗಳಲ್ಲಿ ಸುಗ್ಗಿ ಮುಗಿದು ಕಣದಲ್ಲಿ ರಾಶಿ ನಿಂತಾಗ ಬಡಿಗರೂ ಕಮ್ಮಾರರೂ ಬಂದು ತಮ್ಮ ಪಾಲಿನ ಆಯದ ಕಾಳನ್ನು ಒಯ್ಯುತ್ತಿದ್ದರು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಒಕ್ಕಲಿಗನ ಬಂಡಿ, ನೇಗಿಲು, ಕುಂಟೆಗಳನ್ನು ಸುಸ್ಥಿತಿಯಲ್ಲಿಡುವ ಹೊಣೆ ಅವರದಾಗಿರುತ್ತಿತ್ತು. ಕಾಗದವಿರಲಿಲ್ಲ, ಸಹಿಯಿರಲಿಲ್ಲ, ಕೊಡುವವನೂ ಮಾಡುವವನೂ ಒಂದೇ ಊರಿನಲ್ಲಿ ಬಾಳುವವರೆಂಬುದೇ ಒಪ್ಪಂದದ ಭದ್ರತೆಯಾಗಿತ್ತು. ಇಂದು ಅಂಗಳದಲ್ಲಿ ಬಂಡಿಯ ಸ್ಥಾನವನ್ನು ಕಾರು ಪಡೆದಿದೆ. ಆಯದ ಸ್ಥಾನಕ್ಕೆ ‘ವಿಸ್ತರಿತ ವಾರಂಟಿ’, ‘ನಿರ್ವಹಣಾ ಯೋಜನೆ’ ಎಂಬ ಹೊಸ ಹೆಸರುಗಳು ಬಂದಿವೆ. ಇವುಗಳಿಗೆ ಹಣ ತೆರುವುದು ಯುಕ್ತವೇ ಎಂಬ ಪ್ರಶ್ನೆ ಅನೇಕ ಗೃಹಸ್ಥರನ್ನು ಕಾಡುತ್ತಿರುವುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿರಿಸಿದ್ದೇನೆ.

ಕಳೆದ ತಿಂಗಳು ಹಾವೇರಿಯಿಂದ ನನ್ನ ತಂಗಿಯ ಮಗ ಬಂದಿದ್ದ. ಅವನ ಕಾರಿನ ಮೂರು ವರ್ಷಗಳ ವಾರಂಟಿ ಮುಗಿಯುವುದರಲ್ಲಿತ್ತು. ಮುಂದಿನ ಎರಡು ವರ್ಷಗಳಿಗೆ 41,000 ರೂಪಾಯಿ ಕಟ್ಟಿದರೆ ಯಾವ ಚಿಂತೆಯೂ ಇರದೆಂದು ಮಾರಾಟಗಾರರು ಹೇಳಿದ್ದರಂತೆ. ಅದೇ ವೇಳೆಗೆ ಮಗಳ ಕಾಲೇಜಿನ ಶುಲ್ಕವನ್ನೂ ಕಟ್ಟಬೇಕಾಗಿತ್ತು. “ಮಾವ, ನೀವು ಎಷ್ಟೋ ತಾಡವಾಲೆಗಳನ್ನು ಓದಿದವರು. ಈ ಕಾಗದವನ್ನೊಮ್ಮೆ ಓದಿ ಹೇಳಿರಿ” ಎಂದ.

ಆ ಮಾತು ಕೇಳಿ ನನಗೆ ಸಂಕೋಚವೇ ಆಯಿತು. ಏಕೆಂದರೆ ಹಲವು ವರ್ಷಗಳ ಹಿಂದೆ ಇಂತಹುದೇ ಒಂದು ಕಾಗದಕ್ಕೆ ನಾನು ಓದದೆಯೇ ಸಹಿ ಹಾಕಿದ್ದೆ. ಮನೆಯಲ್ಲಿ ಅನಾರೋಗ್ಯವಿದ್ದುದರಿಂದ ಕಾರಿನ ಸರ್ವಿಸನ್ನು ಎರಡು ತಿಂಗಳು ಮುಂದೂಡಿದೆ. ಅನಂತರ ಎ.ಸಿ. ಕೆಟ್ಟಾಗ, ಸಕಾಲದಲ್ಲಿ ಸರ್ವಿಸ್ ಮಾಡಿಸದ ಕಾರಣ ವಾರಂಟಿ ಅನ್ವಯಿಸುವುದಿಲ್ಲವೆಂದರು. ಮನೆಗೆ ಬಂದು ಕಾಗದ ಬಿಚ್ಚಿ ನೋಡಿದರೆ ಆ ನಿಬಂಧನೆ ಸಣ್ಣ ಅಕ್ಷರಗಳಲ್ಲಿ ಸ್ಪಷ್ಟವಾಗಿಯೇ ಇತ್ತು. ಮಠದಲ್ಲಿ ಗುರುಗಳು ಟೀಕೆಯನ್ನು ಬಿಟ್ಟು ಮೂಲವನ್ನು ಓದಗೊಡುತ್ತಿರಲಿಲ್ಲ. ಅಂತಹವರ ಶಿಷ್ಯನಾದ ನಾನು ಮೂಲವನ್ನೂ ಓದಿರಲಿಲ್ಲ, ಟೀಕೆಯನ್ನೂ ಓದಿರಲಿಲ್ಲ.

ಆದುದರಿಂದ ಈ ಸಲ ನಾವಿಬ್ಬರೂ ಕುಳಿತು ಪ್ರತಿಯೊಂದು ಸಾಲನ್ನೂ ಓದಿದೆವು. ಮೊದಲು ತಿಳಿದ ಸಂಗತಿಯೆಂದರೆ, ಒಂದೇ ಮೊತ್ತದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಅಡಗಿದ್ದವು. ವಿಸ್ತರಿತ ವಾರಂಟಿಗೆ 15,000, ನಿರ್ವಹಣಾ ಯೋಜನೆಗೆ 26,000. ಇಂತಹ ಸೇವೆಗಳ ಮೇಲಿನ ಶೇ. 18ರ ಜಿ.ಎಸ್.ಟಿ. ಇದರಲ್ಲಿಯೇ ಸೇರಿತ್ತು.

ಈ ಎರಡರ ಸ್ವಭಾವವೂ ಭಿನ್ನವಾದುದು. ನಿರ್ವಹಣಾ ಯೋಜನೆಯೆಂದರೆ ಹೇಗೂ ಬರಲಿರುವ ಖರ್ಚನ್ನು, ಅಂದರೆ ಎಂಜಿನ್ ಆಯಿಲ್, ಫಿಲ್ಟರು, ಕೂಲಿ ಮೊದಲಾದವನ್ನು, ಮುಂಚಿತವಾಗಿ ತೆರುವುದು. ವಿಸ್ತರಿತ ವಾರಂಟಿಯು ಬರಲೂಬಹುದು ಬಾರದಿರಲೂಬಹುದಾದ ದೊಡ್ಡ ಕೆಡುಕಿಗೆ ಮಾಡುವ ಏರ್ಪಾಡು. ಅಪಘಾತ, ಕಳವು, ಪ್ರವಾಹಗಳ ನಷ್ಟ ಇವೆರಡಕ್ಕೂ ಸೇರದು. ಅದು ವಿಮೆಯ ಕ್ಷೇತ್ರ. ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಾಮಾನ್ಯ ವಿಮೆಯೂ ಸಾಲದೆ, ಅದಕ್ಕೆಂದೇ ಹೆಚ್ಚುವರಿ ರಕ್ಷಣೆಯನ್ನು ಕೊಂಡಿರಬೇಕಾಗುತ್ತದೆ.

ನಿರ್ವಹಣಾ ಯೋಜನೆಯನ್ನು ಅಳೆಯಲು ಕೂಡುವ ಕಳೆಯುವ ಲೆಕ್ಕವೇ ಸಾಕು. ಅಳಿಯನ ಕಾರು ವರ್ಷಕ್ಕೆ 8,000 ಕಿಲೋಮೀಟರಿನಷ್ಟು ಮಾತ್ರ ಓಡುತ್ತದೆ. ವರ್ಷಕ್ಕೊಂದು ಸರ್ವಿಸ್ ಸಾಕು. ಮುಂದಿನ ಎರಡು ಸರ್ವಿಸುಗಳ ಅಂದಾಜನ್ನು ಬರಹದಲ್ಲಿ ತರಿಸಿದೆವು: ಒಂದಕ್ಕೆ 7,000, ಇನ್ನೊಂದಕ್ಕೆ 9,500. ಬ್ರೇಕ್ ಪ್ಯಾಡುಗಳೂ ಸವೆದವೆಂದು 4,000 ಸೇರಿಸಿದರೂ 20,500 ಆಯಿತು. ಯೋಜನೆಯ ಬೆಲೆ ಇದಕ್ಕಿಂತ 5,500 ಹೆಚ್ಚು. ಹೆಚ್ಚು ಓಡಾಡುವವರಿಗೆ ಉತ್ತರ ಬೇರೆಯಾದೀತು; ಆದರೆ ಲೆಕ್ಕದ ಕ್ರಮ ಇದೇ. ಕಾರು ಕೊಳ್ಳುವಾಗಲೇ ಈ ಹಣವನ್ನು ಸಾಲದಲ್ಲಿ ಸೇರಿಸಿಕೊಳ್ಳುವವರು ಇನ್ನೊಂದು ಮಾತನ್ನು ನೆನಪಿಡಬೇಕು. 26,000 ರೂಪಾಯಿಗೆ ಶೇ. 10ರ ಬಡ್ಡಿಯಂತೆ ಐದು ವರ್ಷ ಕಂತು ಕಟ್ಟಿದರೆ ಒಟ್ಟು 33,000 ಮೀರುತ್ತದೆ.

ವಾರಂಟಿಯ ವಿಷಯದಲ್ಲಿ ಇಂತಹ ಲೆಕ್ಕ ಪೂರ್ಣವಾಗದು. ಮಾರುವವನು ತನ್ನ ಖರ್ಚನ್ನೂ ಲಾಭವನ್ನೂ ಸೇರಿಸಿಯೇ ಬೆಲೆ ನಿಗದಿ ಮಾಡುವುದರಿಂದ, ಕೊಂಡವರೆಲ್ಲರನ್ನೂ ಒಟ್ಟಾಗಿ ನೋಡಿದರೆ ಕೊಟ್ಟದ್ದಕ್ಕಿಂತ ಪಡೆದದ್ದು ಕಡಿಮೆಯೇ ಇರುತ್ತದೆ. ಹಾಗಾದರೆ ಕೊಳ್ಳುವುದೇತಕ್ಕೆ? ಒಮ್ಮೆಗೇ ಎರಗುವ ಹೊರೆಯನ್ನು ಸಂಸಾರವು ತಾಳಲಾರದಿದ್ದರೆ ಮಾತ್ರ ಕೊಳ್ಳಬೇಕು. ಉಳಿತಾಯವುಳ್ಳವರು, ಸರಳ ಯಂತ್ರದ ಸಣ್ಣ ಕಾರಿನವರು, ವರ್ಷದೊಳಗೆ ಕಾರನ್ನು ಮಾರಲಿರುವವರು ಬಿಟ್ಟರೂ ನಷ್ಟವಿಲ್ಲ. ತಾನೇ ಗೇರ್ ಬದಲಿಸುವ ಕಾರು, ಟರ್ಬೊ ಡೀಸೆಲ್ ಎಂಜಿನ್, ಬಹಳ ಎಲೆಕ್ಟ್ರಾನಿಕ್ ಉಪಕರಣಗಳುಳ್ಳ ಕಾರುಗಳಲ್ಲಿ ಒಂದು ಬಿಡಿಭಾಗವೇ ತಿಂಗಳ ಸಂಬಳವನ್ನು ನುಂಗಬಲ್ಲದು.

ಅಳಿಯನದು ಗೇರನ್ನು ತಾನೇ ಬದಲಿಸುವ ಕಾರು. ಆ ವ್ಯವಸ್ಥೆ ಕೆಟ್ಟರೆ ಅರ್ಧ ಲಕ್ಷ ಮೀರಬಹುದೆಂದು ಕಾರ್ಯಾಗಾರದವರೇ ಹೇಳಿದ್ದರು. ಅದರ ಹೆಸರು ವಾರಂಟಿಯ ಪಟ್ಟಿಯಲ್ಲಿದೆಯೇ ಎಂದು ಹುಡುಕಿದೆವು; ಇತ್ತು. ಕ್ಲಚ್ ತಟ್ಟೆ, ಬ್ರೇಕ್ ಪ್ಯಾಡ್, ಟೈರು, ಬ್ಯಾಟರಿ ಇರಲಿಲ್ಲ. ಸವೆಯುವ ಭಾಗಗಳನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಡುತ್ತಾರೆ. ಸಹಿ ಹಾಕುವ ಮೊದಲು ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆಗಳಿವು: ಹೊಣೆ ಹೊತ್ತವರು ಕಾರು ತಯಾರಕರೇ, ಮಾರಾಟಗಾರರೇ ಅಥವಾ ಮೂರನೆಯವರೇ? ಸರ್ವಿಸ್ ಎಲ್ಲಿ, ಎಷ್ಟು ದಿನಗಳೊಳಗೆ ಆಗಬೇಕು? ಹೊರಗೆ ಗ್ಯಾಸ್ ಕಿಟ್ ಹಾಕಿಸಿದರೆ ವಾರಂಟಿ ಉಳಿಯುವುದೇ? ಒಂದು ದುರಸ್ತಿಗೆ ಇಷ್ಟೇ ಎಂಬ ಮಿತಿಯುಂಟೇ? ಕಾರು ಮಾರಿದರೆ ಹೊಸ ಒಡೆಯನಿಗೆ ವರ್ಗವಾಗುವುದೇ? ಬಾಯಿಮಾತಿನ ಉತ್ತರ ಸಾಲದು; ಕಾಗದದಲ್ಲಿ ತೋರಿಸಲು ಕೇಳಬೇಕು.

ನ್ಯಾಯವಾಗಿ ಸಲ್ಲಬೇಕಾದುದನ್ನು ನಿರಾಕರಿಸಿದರೆ ಸುಮ್ಮನಿರಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಅಲ್ಲಿ ಮಾತನಾಡುವುದು ರಸೀದಿಗಳೇ ಆದುದರಿಂದ ಪ್ರತಿಯೊಂದನ್ನೂ ಜೋಪಾನ ಮಾಡಬೇಕು.

ಕೊನೆಗೆ ಅಳಿಯನು 15,000 ರೂಪಾಯಿಯ ವಾರಂಟಿಯನ್ನು ಮಾತ್ರ ಕೊಳ್ಳಲು ನಿರ್ಧರಿಸಿದ. ಎರಡನ್ನೂ ಒಟ್ಟಿಗೇ ಕೊಳ್ಳಬೇಕೆಂದು ಮಾರಾಟಗಾರರು ಮೊದಲು ಹೇಳಿದರು. ಹಾಗೆಂದು ಬರೆದಿರುವ ನಿಯಮವನ್ನು ತೋರಿಸಿರೆಂದು ಕೇಳಿದಾಗ ಒಪ್ಪಿಕೊಂಡರು. ಉಳಿದ 26,000 ರೂಪಾಯಿ ಮಗಳ ಶುಲ್ಕಕ್ಕೆ ಸಂದಿತು. ಸರ್ವಿಸಿಗೆಂದು ತಿಂಗಳಿಗೆ 900 ರೂಪಾಯಿ ತೆಗೆದಿಡುತ್ತೇನೆಂದು ಹೇಳಿದ್ದಾನೆ. ಎರಡು ವರ್ಷಗಳಲ್ಲಿ ಗೇರು ಕೆಡದಿದ್ದರೆ ಆ 15,000 ವ್ಯರ್ಥವಾಯಿತೆಂದು ಕೊರಗಬಾರದೆಂದು ನಾನೂ ಹೇಳಿ ಕಳುಹಿಸಿದ್ದೇನೆ. ಬಂಡಿ ಮುರಿಯದ ವರ್ಷವೂ ನಮ್ಮ ಹಿರಿಯರು ಬಡಿಗನಿಗೆ ಆಯದ ಕಾಳನ್ನು ಸಂತೋಷದಿಂದಲೇ ಅಳೆದು ಕೊಡುತ್ತಿದ್ದರು.

ಮುಂದಿನ ಸರ್ವಿಸಿನ ದಿನಾಂಕವನ್ನು ಮಾತ್ರ ಅವನ ಮುಂದೆಯೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. ಅವನು ಮರೆತರೂ ನಾನು ಮರೆಯಬಾರದಲ್ಲವೇ?